ಬಿಎ ಸೆಟ್ ಚೆಕ್ ಮಾಡೋದು ಹೇಗೆ? ಮುಳ್ಳು ಹಸಿರಲ್ಲಿದ್ರೆ ಸಾಕಾಗಲ್ಲ

ಅಮೋನಿಯಾ ಓಡೋ ಐಸ್ ಪ್ಲಾಂಟು, ಕೋಲ್ಡ್ ಸ್ಟೋರೇಜು, ಕ್ಲೋರಿನ್ ಟನ್ನರ್ (ಟನ್ ಲೆಕ್ಕದ ದೊಡ್ಡ ಸಿಲಿಂಡರ್) ಇಟ್ಟಿರೋ ನೀರಿನ ಘಟಕ, ಇಂಥ ಕಡೆ ಗೋಡೆ ಮೇಲಿನ ಡಬ್ಬದಲ್ಲಿ ಒಂದು ಬಿಎ ಸೆಟ್ (ಬ್ರೀದಿಂಗ್ ಅಪರೇಟಸ್, ವಿಷಗಾಳಿ ಇರೋ ಕಡೆ ಬೆನ್ನಿಗೆ ಕಟ್ಕೊಂಡು ಮಾಸ್ಕ್‌ನಲ್ಲಿ ಉಸಿರಾಡೋ ಗಾಳಿ ಸಿಲಿಂಡರ್) ಇಟ್ಟಿರ್ತಾರೆ, ತಿಂಗಳಿಗೊಂದ್ಸಲ ಯಾರೋ ಬಂದು ಸಿಲಿಂಡರ್ ಗೇಜ್ ನೋಡಿ ರಿಜಿಸ್ಟರ್‌ಗೆ ಟಿಕ್ ಹಾಕಿ ಹೋಗ್ತಾರೆ. ಆ ಮುಳ್ಳು ಹೇಳೋದು ಸಿಲಿಂಡರ್ ಒಳಗೆ ಗಾಳಿ ಇದೆ ಅಂತ ಮಾತ್ರ. ಆ ಗಾಳಿ ಹೋಸ್ ದಾಟಿ ನಿಮ್ಮ ಮೂಗಿನವರೆಗೂ ಬರತ್ತಾ, ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರತ್ತಾ, ಗಾಳಿ ಮುಗಿಯೋ ಮುಂಚೆ ವಿಷಲ್ ಹೊಡೆಯತ್ತಾ, ಇದ್ಯಾವುದೂ ಅದಕ್ಕೆ ಗೊತ್ತಾಗಲ್ಲ. ಸೆಟ್ ಕೆಳಗಿಳಿಸಿ ವಾಲ್ವ್ ತೆರೆದೇ ನೋಡ್ಬೇಕು, ಅದೂ ಶುದ್ಧ ಗಾಳಿ ಇರೋ ಜಾಗದಲ್ಲಿ, ಪಕ್ಕದಲ್ಲಿ ಮ್ಯಾನ್ಯುಯಲ್ ಇಟ್ಕೊಂಡು, ಯಾಕಂದ್ರೆ ಬಟನ್‌ಗಳು ಕಂಪನಿಯಿಂದ ಕಂಪನಿಗೆ ಬೇರೆ ಇರ್ತವೆ.

ಮೊದಲು ಕಣ್ಣಲ್ಲಿ ನೋಡಿ. ಮಾಸ್ಕ್ ರಬ್ಬರ್ ಎಳೆದು ಬಿಟ್ರೆ ಸಣ್ಣ ಬಿರುಕು ಕಾಣತ್ತೆ, ಕರಾವಳಿ ಕಡೆ ಉಪ್ಪುಗಾಳಿಗೆ ಬಕಲ್‌ಗಳು ಹಿಡ್ಕೊಂಡಿರ್ತವೆ, ಹೋಸ್ ಮಡಚಿದ ಜಾಗ ಬೆಳ್ಳಗಾಗಿರತ್ತೆ. ಸಿಲಿಂಡರ್ ಮೇಲೆ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಕೊಟ್ಟು ನೋಡೋ ಪರೀಕ್ಷೆ) ಡೇಟ್ ಇರತ್ತೆ, ಅದರ ಗಡುವು ದಾಟಿದ್ರೆ ಮುಂದಿನ ಟೆಸ್ಟ್ ಯಾವುದೂ ಬೇಡ, ಸೆಟ್ ಪಕ್ಕಕ್ಕಿಡಿ. ಕಾರ್ಬನ್ ಕಾಂಪೋಸಿಟ್ ಸಿಲಿಂಡರ್ ಆದ್ರೆ ನಾರು ಎದ್ದಿರೋ ಆಳವಾದ ಗೀರು ಇದ್ರೂ ಅಷ್ಟೇ.

300 ಬಾರ್ (ಬಾರ್ ಅಂದ್ರೆ ಒತ್ತಡದ ಅಳತೆ) ಸಿಲಿಂಡರ್‌ನಲ್ಲಿ ಕನಿಷ್ಠ 270 ಇರ್ಬೇಕು ಅಂತ ಸಾಮಾನ್ಯವಾಗಿ ಇಟ್ಕೋತಾರೆ. ಇಲ್ಲೊಂದು ಗೊಂದಲ ಆಗತ್ತೆ, ಕಂಪ್ರೆಸರ್‌ನಿಂದ ಈಗಷ್ಟೇ ತುಂಬಿದ ಸಿಲಿಂಡರ್ ಬಿಸಿ ಇರತ್ತೆ, ಬೆಳಿಗ್ಗೆ ನೋಡಿದ್ರೆ ಮುಳ್ಳು ಇಳಿದಿರತ್ತೆ, ಜನ ಲೀಕ್ ಅಂದ್ಕೋತಾರೆ. ಒಂದು ಡಿಗ್ರಿ ತಣ್ಣಗಾದ್ರೆ ಹೆಚ್ಚುಕಡಿಮೆ ಒಂದು ಬಾರ್ ಇಳಿಯತ್ತೆ, ಅದು ಲೀಕ್ ಅಲ್ಲ. ಪೂರ್ತಿ ತಣ್ಣಗಾದ್ಮೇಲೆ ಬಂದ ನಂಬರೇ ಲೆಕ್ಕಕ್ಕೆ.

ಈಗ ಲೀಕ್ ಟೆಸ್ಟ್. ಡಿಮ್ಯಾಂಡ್ ವಾಲ್ವ್‌ನ (ಉಸಿರು ಎಳೆದಾಗ ಮಾಸ್ಕ್‌ಗೆ ಗಾಳಿ ಬಿಡೋ ವಾಲ್ವ್) ಸ್ಟ್ಯಾಂಡ್‌ಬೈ ಬಟನ್ ಒತ್ತಿ, ಇಲ್ಲಾಂದ್ರೆ ಸಿಲಿಂಡರ್ ತೆರೆದ ತಕ್ಷಣ ಗಾಳಿ ಭುಸ್ ಅಂತ ಹೊರಗೆ ಹೋಗತ್ತೆ. ಸಿಲಿಂಡರ್ ವಾಲ್ವ್ ನಿಧಾನಕ್ಕೆ ತೆರೀರಿ, ಭುಜದ ಮೇಲಿನ ಗೇಜ್ ಮೇಲೇರೋದು ನೋಡಿ, ಅದು ಸಿಲಿಂಡರ್ ಗೇಜ್‌ಗೆ ಹತ್ತಿರ ಬಂದು ನಿಲ್ಬೇಕು. ಆಮೇಲೆ ವಾಲ್ವ್ ಪೂರ್ತಿ ಮುಚ್ಚಿ. ಈಗ ಹೋಸ್ ಒಳಗೆ ಸಿಕ್ಕಾಕ್ಕೊಂಡಿರೋ ಗಾಳಿ ಚೂರೇ ಚೂರು, ಹಾಗಾಗಿ ಸಣ್ಣ ಲೀಕೂ ಗೇಜಲ್ಲಿ ಎದ್ದು ಕಾಣತ್ತೆ, ವಾಲ್ವ್ ತೆರೆದಿಟ್ಟೇ ನೋಡಿದ್ರೆ ಸಿಲಿಂಡರ್ ಗಾಳಿ ತುಂಬ್ತಾನೇ ಇರತ್ತೆ, ಏನೂ ಗೊತ್ತಾಗಲ್ಲ. ಒಂದು ನಿಮಿಷ ಮುಳ್ಳಿನ ಮೇಲೇ ಕಣ್ಣಿಡಿ. 10 ಬಾರ್‌ಗಿಂತ ಜಾಸ್ತಿ ಇಳಿದ್ರೆ ಹೆಚ್ಚಿನ ಸೆಟ್‌ಗಳಲ್ಲಿ ಅದು ಫೇಲ್.

ಎಲ್ಲಿಂದ ಹೋಗ್ತಿದೆ ಅಂತ ಹುಡುಕೋಕೆ ಸೋಪ್ ನೀರು ಸಾಕು, ಸಿಲಿಂಡರ್ ಕನೆಕ್ಟರ್ ಹತ್ರ ಬ್ರಷ್‌ನಲ್ಲಿ ಹಚ್ಚಿ ಕಾಯಿರಿ, ಓ-ರಿಂಗ್ (ಜಾಯಿಂಟ್‌ನ ರಬ್ಬರ್ ಬಳೆ) ಹೋಗಿದ್ರೆ ನಟ್ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಏಳ್ತಾ ಇರ್ತವೆ. ಪ್ರೆಶರ್ ಇರೋವಾಗ ಸ್ಪ್ಯಾನರ್ ಹಾಕಿ ಬಿಗಿ ಮಾಡೋಕೆ ಹೋಗ್ಬೇಡಿ, ಟೆಫ್ಲಾನ್ ಟೇಪ್ ಸುತ್ಬೇಡಿ, ಎಣ್ಣೆ ಗ್ರೀಸ್ ಅಂತೂ ಮುಟ್ಟಿಸ್ಲೇಬೇಡಿ. ಟ್ಯಾಗ್ ಹಾಕಿ ಸರ್ವೀಸ್‌ಗೆ ಕಳಿಸಿ, ಇದು ನಮ್ಮ ಮೆಕ್ಯಾನಿಕ್ ಮಾಡೋ ರಿಪೇರಿ ಅಲ್ಲ.

ಸಿಲಿಂಡರ್ ಮುಚ್ಚಿರೋವಾಗಲೇ ವಿಷಲ್ ಟೆಸ್ಟ್ ಮುಗಿಸ್ಬಹುದು. ಡಿಮ್ಯಾಂಡ್ ವಾಲ್ವ್‌ನ ಬಾಯಿಗೆ ಅಂಗೈ ಒತ್ತಿ ಹಿಡಿದು ಆ ಡಿಮ್ಯಾಂಡ್ ವಾಲ್ವನ್ನೇ ಆನ್ ಮಾಡಿ, ಅಂಗೈನ ಒಂದು ಅಂಚು ಮಾತ್ರ ಸಡಿಲ ಮಾಡ್ತಾ ಗಾಳಿ ನಿಧಾನಕ್ಕೆ ಬಿಡಿ. ಮುಳ್ಳು 60 ಮತ್ತು 50 ಬಾರ್ ನಡುವೆ ಬಂದಾಗ ವಿಷಲ್ ಶುರು ಆಗ್ಬೇಕು. ಅವಸರದಲ್ಲಿ ಬಿಟ್ರೆ ಮುಳ್ಳು ದಡಕ್ಕಂತ ಬಿದ್ದು ಎಲ್ಲಿ ಹೊಡೀತು ಅಂತಾನೇ ಗೊತ್ತಾಗಲ್ಲ. ಇದು ಯಾಕೆ ಮುಖ್ಯ ಅಂದ್ರೆ 6 ಲೀಟರ್ ಸಿಲಿಂಡರ್‌ನಲ್ಲಿ 55 ಬಾರ್ ಅಂದ್ರೆ ಉಳಿದಿರೋದು ಸುಮಾರು 330 ಲೀಟರ್ ಗಾಳಿ, ನಿಮಿಷಕ್ಕೆ 40 ಲೀಟರ್ ಎಳೆದ್ರೆ ಎಂಟು ನಿಮಿಷ, ಆದ್ರೆ ಗಾಬರಿಯಲ್ಲಿ ಮೆಟ್ಟಿಲು ಹತ್ತಿ ಬರೋ ಮನುಷ್ಯ 40ಕ್ಕೆ ನಿಲ್ಲಲ್ಲ. ತುಂಬಿದ ಸೆಟ್‌ನ 45 ನಿಮಿಷ ಅಂತ ಬರೆದಿರೋದೂ ಇದೇ 40ರ ಲೆಕ್ಕ, ಅದನ್ನ ಪೂರ್ತಿ ನಂಬ್ಕೊಂಡು ಒಳಗೆ ಹೋಗ್ಬೇಡಿ.

ಆಮೇಲೆ ಮಾಸ್ಕ್, ನನ್ನ ಪ್ರಕಾರ ಜನ ಅತೀ ಹೆಚ್ಚು ಬಿಟ್ಟುಬಿಡೋ ಭಾಗ ಇದೇ. ತುರ್ತಿನಲ್ಲಿ ಯಾರು ಹಾಕ್ಕೋತಾರೋ ಅವರೇ ಹಾಕ್ಕೊಂಡು ನೋಡ್ಬೇಕು, ಸ್ಟೋರ್ ಕೀಪರ್ ಮುಖಕ್ಕೆ ಕೂತ್ರೆ ಆಪರೇಟರ್‌ಗೆ ಏನು ಲಾಭ. ಪಟ್ಟಿಗಳನ್ನ ಕೆಳಗಿನಿಂದ ಮೇಲಕ್ಕೆ ಬಿಗಿ ಮಾಡಿ, ಕನೆಕ್ಷನ್ ತೂತಿಗೆ ಅಂಗೈ ಮುಚ್ಚಿ ಮೆಲ್ಲಗೆ ಉಸಿರು ಎಳೆದು ಹಿಡಿರಿ, ಮಾಸ್ಕ್ ಮುಖಕ್ಕೆ ಅಂಟ್ಕೊಂಡು ಹತ್ತು ಸೆಕೆಂಡ್ ಹಾಗೇ ಇರ್ಬೇಕು. ಕುರುಚಲು ಗಡ್ಡ ಇದ್ರೂ, ಕನ್ನಡಕದ ಕಡ್ಡಿ ಸೀಲ್ ಕೆಳಗೆ ಹೋಗಿದ್ರೂ ಕಿವಿ ಹತ್ರ ಗಾಳಿ ಜಾರೋದು ಗೊತ್ತಾಗತ್ತೆ. ಗಡ್ಡ ಬಿಟ್ಟೋರು ಬೇಜಾರ್ ಮಾಡ್ಕೋತಾರೆ, ಮಾಡ್ಕೊಳ್ಳಿ, ಒಂದೋ ಬೋಳಿಸ್ಬೇಕು ಇಲ್ಲಾ ಆ ಡ್ಯೂಟಿ ಬೇರೆಯವರಿಗೆ.

ಕೊನೆಗೆ ಸ್ಟ್ಯಾಂಡ್‌ಬೈ ಬಟನ್ ಮತ್ತೆ ಒತ್ತಿ, ಸಿಲಿಂಡರ್ ಪೂರ್ತಿ ತೆರೆದು, ಡಿಮ್ಯಾಂಡ್ ವಾಲ್ವ್ ಸಿಕ್ಕಿಸಿ ಜೋರಾಗಿ ಒಂದು ಉಸಿರು ಎಳೀರಿ, ಕ್ಲಿಕ್ ಅಂತ ಆನ್ ಆಗತ್ತೆ. ಉಸಿರು ಹಿಡ್ಕೊಂಡು ಕಿವಿಗೊಡಿ, ಗಾಳಿಯ ಸದ್ದು ನಿಲ್ಬೇಕು. ಕೆನ್ನೆ ಹತ್ರ ಒಂದು ಬೆರಳು ತೂರಿಸಿದ್ರೆ ಗಾಳಿ ಹೊರಗೆ ನುಗ್ಗಬೇಕು, ಒಳಗಿನ ಪ್ರೆಶರ್ ಹೊರಗಿಗಿಂತ ಜಾಸ್ತಿ ಇದೆ ಅನ್ನೋಕೆ ಅದೇ ಸಾಕ್ಷಿ. ಎರಡು ನಿಮಿಷ ನಡೆದಾಡಿ ನೋಡಿ. ಅಂದಹಾಗೆ ಇದು ಕಾಯೋದು ಉಸಿರನ್ನ ಮಾತ್ರ, ಅಮೋನಿಯಾ ಬೆವರಿದ ಚರ್ಮವನ್ನೂ ಸುಡತ್ತೆ, ಅದಕ್ಕೆ ಸೂಟ್ ಬೇರೆ ಬೇಕು.

ತಲೆಗೆ ಹಾಕ್ಕೊಂಡು ಹೊರಗೆ ಓಡೋಕೆ ಅಂತ ಇರೋ, ಹುಡ್ ಥರದ ಸಣ್ಣ ಎಸ್ಕೇಪ್ ಸೆಟ್‌ನ ಹೀಗೆ ಬಿಚ್ಚಿ ನೋಡೋಕೆ ಹೋಗ್ಬೇಡಿ, ಸೀಲ್, ಗೇಜ್, ಡೇಟ್ ನೋಡಿದ್ರೆ ಸಾಕು, ಅಭ್ಯಾಸಕ್ಕೆ ಟ್ರೈನಿಂಗ್ ಸೆಟ್ ಬೇರೆ ಇಟ್ಕೊಳ್ಳಿ.

ಟೆಸ್ಟ್ ಆದ್ಮೇಲೆ ಸಿಲಿಂಡರ್ ಮುಚ್ಚಿ, ಹೋಸ್‌ನ ಗಾಳಿ ಸೊನ್ನೆಗೆ ಇಳಿಸಿ, ಪ್ರೆಶರ್ 270ಕ್ಕಿಂತ ಕೆಳಗೆ ಹೋಗಿದ್ರೆ ತುಂಬಿಸಿ. ಮಾಸ್ಕ್ ಸೋಪ್ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಪಟ್ಟಿಗಳನ್ನ ಪೂರ್ತಿ ಸಡಿಲ ಬಿಟ್ಟು ಇಡಿ. ಡಬ್ಬ ಕಂಪ್ರೆಸರ್ ರೂಮ್ ಒಳಗಿದ್ರೆ ಮೊದಲು ಅದನ್ನ ಬಾಗಿಲ ಹೊರಗಿನ ಗೋಡೆಗೆ ಹಾಕ್ಸಿ, ಬೀಗ ಹಾಕ್ಬೇಡಿ.