ಜೇಬಿನ ಟೇಪ್ ರೆಕಾರ್ಡರಿನಲ್ಲಿ ಹಿಡಿದ ಕಾರ್ಯಕ್ರಮ: ಮನೆಯಲ್ಲೇ ರೀಮಾಸ್ಟರ್ ಮಾಡುವುದು ಹೇಗೆ?

ನನ್ನ ದೊಡ್ಡಮ್ಮನ ಮಗ 2003ರಲ್ಲಿ ಬೊಂಬಾಯಿಯ ಒಂದು ಹೋಟೆಲಿನಲ್ಲಿ ಕ್ಯಾಶಿಗೆ ಕೂರುತ್ತಿದ್ದ. ಆ ವರ್ಷ ಏಪ್ರಿಲ್ 7ರಂದು ರಜೆ ಹಾಕಿ ಚರ್ಚ್‌ಗೇಟ್ ಹತ್ತಿರದ ಬ್ರಬೋರ್ನ್ ಸ್ಟೇಡಿಯಂಗೆ ಹೋದ. ಇಂಗ್ಲೆಂಡಿನ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್ ಬಂದಿದ್ದರು. 1962ರಲ್ಲಿ ಶುರುವಾದ ಬ್ಯಾಂಡ್ ಭಾರತದಲ್ಲಿ ಹಾಡಲು ನಲವತ್ತು ವರ್ಷ ತೆಗೆದುಕೊಂಡಿತ್ತು. ಏಪ್ರಿಲ್ 4ಕ್ಕೆ ಬೆಂಗಳೂರು, ಮೂರು ದಿನ ಬಿಟ್ಟು ಮುಂಬೈ. ಅಣ್ಣನ ಅಂಗಿ ಜೇಬಿನಲ್ಲಿ ಅಂಗೈಯಗಲದ ಟೇಪ್ ರೆಕಾರ್ಡರ್, ಅದರಲ್ಲಿ ಒಂದು ಸಿ-90, ಅಂದರೆ ಎರಡೂ ಬದಿ ಸೇರಿ ತೊಂಬತ್ತು ನಿಮಿಷದ ಕ್ಯಾಸೆಟ್.

ಆ ಕ್ಯಾಸೆಟ್ ಆಮೇಲೆ ಉಡುಪಿಯ ಮನೆಯ ಕಪಾಟಿನಲ್ಲಿ, ಬಿಸ್ಕತ್ತಿನ ಡಬ್ಬಿಯೊಳಗೆ, ಇಪ್ಪತ್ತಕ್ಕೂ ಜಾಸ್ತಿ ಮಳೆಗಾಲ ಕಂಡಿತು. "ಎಂಥಾದ್ರೂ ಮಾಡ್ಲಿಕ್ಕೆ ಆಗ್ತದಾ ನೋಡು ಮಾರಾಯ" ಅಂತ ಅಣ್ಣ ಅದನ್ನು ನನ್ನ ಕೈಗಿಟ್ಟ. ಅದನ್ನು ರೀಮಾಸ್ಟರ್ ಮಾಡುತ್ತಾ, ಅಂದರೆ ಹಳೆಯ ಧ್ವನಿಯನ್ನು ಕೇಳುವ ಹಾಗೆ ಸರಿ ಮಾಡುತ್ತಾ ಕಲಿತದ್ದು, ಕೆಡಿಸಿ ಕಲಿತದ್ದು, ಎರಡೂ ಇಲ್ಲಿವೆ. ನಿಮ್ಮ ಮನೆಯಲ್ಲಿ ಸ್ಟೋನ್ಸ್ ಇರಲಿಕ್ಕಿಲ್ಲ. ಆದರೆ ಯಕ್ಷಗಾನದ ರಂಗಸ್ಥಳದ ಎದುರು ಚಾಪೆ ಹಾಸಿ, ಭಾಗವತರ ಕಡೆ ಟೇಪ್ ರೆಕಾರ್ಡರ್ ತಿರುಗಿಸಿಟ್ಟು, ಬೆಳಗಿನವರೆಗೆ ಕ್ಯಾಸೆಟ್ ಬದಲಿಸುತ್ತಾ ಕೂತ ಅಜ್ಜನೋ ಮಾವನೋ ಇದ್ದೇ ಇರುತ್ತಾರೆ. ಕೆಲಸ ಎರಡಕ್ಕೂ ಒಂದೇ.

ಇಂಥದ್ದಕ್ಕೆಲ್ಲ ಯಾರಪ್ಪ ಸಮಯ ಹಾಕುತ್ತಾರೆ ಅನ್ನಬೇಡಿ. 1975ರ ಏಪ್ರಿಲ್ 26ರಂದು ಲಾಸ್ ಏಂಜಲಿಸ್‌ನಲ್ಲಿ ನಡೆದ ಪಿಂಕ್ ಫ್ಲಾಯ್ಡ್ ಎಂಬ ರಾಕ್ ಬ್ಯಾಂಡಿನ ಕಾರ್ಯಕ್ರಮವನ್ನು ಮೈಕ್ ಮಿಲಾರ್ಡ್ ಎಂಬ ಪ್ರೇಕ್ಷಕ ಕದ್ದು ರೆಕಾರ್ಡ್ ಮಾಡಿದ್ದ. ಬ್ಯಾಂಡಿನವರು 2025ರಲ್ಲಿ ಅದನ್ನೇ ಸಂಗೀತಗಾರ ಸ್ಟೀವನ್ ವಿಲ್ಸನ್ ಕೈಯಲ್ಲಿ ಸರಿ ಮಾಡಿಸಿ ಅಧಿಕೃತವಾಗಿ ಹೊರತಂದರು. ಮಿಲಾರ್ಡ್ ರೆಕಾರ್ಡರನ್ನು ವೀಲ್‌ಚೇರಿನಲ್ಲಿ ಅಡಗಿಸಿ ಒಳಗೆ ಸಾಗಿಸುತ್ತಿದ್ದ ಆಸಾಮಿ.

ಮೊದಲು: ಪ್ಲೇ ಒತ್ತಬೇಡಿ

ಆಸೆ ಆಗುತ್ತದೆ, ಗೊತ್ತು. ಆದರೂ ಒತ್ತಬೇಡಿ. ಕ್ಯಾಸೆಟನ್ನು ಬೆಳಕಿಗೆ ಹಿಡಿದು ಕಿಂಡಿಯಿಂದ ಒಳಗೆ ನೋಡಿ. ಸುತ್ತಿದ ಟೇಪಿನ ಅಂಚು ಕಪ್ಪಗೆ ಅಥವಾ ಕಂದಾಗಿ ನುಣ್ಣಗಿರಬೇಕು. ಬಿಳಿ ಪುಡಿ ಉದುರಿದ ಹಾಗೆ ಕಂಡರೆ ಅದು ಬೂಷ್ಟು. ಕರಾವಳಿಯಲ್ಲಿ ಚಪ್ಪಲಿಗೂ ಬೆಲ್ಟಿಗೂ ಹಿಡಿಯುವ ಬೂಷ್ಟು ಕ್ಯಾಸೆಟ್ಟನ್ನು ಬಿಡುತ್ತದಾ? ಅದನ್ನು ಹಾಗೇ ಓಡಿಸಿದರೆ ಪುಡಿಯೆಲ್ಲ ಮೆಷಿನಿನ ಹೆಡ್ಡಿಗೆ (ಟೇಪಿನಿಂದ ಸದ್ದು ಓದುವ ಭಾಗಕ್ಕೆ) ಮೆತ್ತಿಕೊಂಡು, ಅಲ್ಲಿಂದ ನಿಮ್ಮ ಬಾಕಿ ಕ್ಯಾಸೆಟ್ಟುಗಳಿಗೂ ದಾಟುತ್ತದೆ.

ಅಣ್ಣನ ಕ್ಯಾಸೆಟ್ಟಿನಲ್ಲಿ ಅರ್ಧಚಂದ್ರದಷ್ಟು ಬಿಳಿ ಇತ್ತು. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಕ್ಯಾಸೆಟ್ ಇಟ್ಟು, ಒಂದು ವಾರ ಮುಚ್ಚಿಟ್ಟೆ. ಬಿಸಿಲಿಗೆ ಇಡಬಾರದು, ಟೇಪ್ ಸೊಟ್ಟಗಾಗುತ್ತದೆ. ಒಣಗಿದ ಬೂಷ್ಟು ಸುಲಭವಾಗಿ ಬಿಡುತ್ತದೆ. ಆಮೇಲೆ ಜಗಲಿಯಲ್ಲಿ ಕೂತು, ಮುಖಕ್ಕೆ ಮಾಸ್ಕ್ ಹಾಕಿ, ಐದು ಸ್ಕ್ರೂ ಬಿಚ್ಚಿದೆ. ಬಿಚ್ಚುವ ಮೊದಲು ಕ್ಯಾಸೆಟ್ಟನ್ನು ಮೇಜಿನ ಮೇಲೆ ಮಲಗಿಸಿ, ಮುಚ್ಚಳ ತೆಗೆದ ಕೂಡಲೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ. ಟೇಪ್ ಯಾವ ಗಾಲಿಯ ಯಾವ ಬದಿಯಿಂದ ಬರುತ್ತದೆ ಅನ್ನುವುದು ಅರ್ಧ ಗಂಟೆ ಕಳೆದ ಮೇಲೆ ನೆನಪಿರುವುದಿಲ್ಲ. ಮೆತ್ತಗಿನ ಒಣ ಬಟ್ಟೆಯ ಮಡಿಕೆಯಲ್ಲಿ ಟೇಪನ್ನು ಹಗುರಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಪೆನ್ಸಿಲಿನಿಂದ ಸುತ್ತಬೇಕು. ಟೇಪಿನ ಅಗಲ 3.81 ಮಿಲಿಮೀಟರ್ ಅಷ್ಟೇ, ಸಿ-90ಯದ್ದು ಸಿ-60ಕ್ಕಿಂತ ತೆಳು. ಎಳೆದರೆ ಹಿಗ್ಗುತ್ತದೆ, ಹಿಗ್ಗಿದ್ದು ಮತ್ತೆ ಕುಗ್ಗುವುದಿಲ್ಲ.

ಸ್ಕ್ರೂ ಇಲ್ಲದೆ ಅಂಟಿಸಿದ ಕ್ಯಾಸೆಟ್ ಆದರೆ, ಕ್ಯಾಸೆಟ್ ಒಂದೇ ಇದ್ದರೆ, ಅಭ್ಯಾಸ ಇರುವವರ ಕೈಗೆ ಕೊಡಿ. ಮರೆಯುವ ಮೊದಲು ಇನ್ನೊಂದು ಮಾತು: ಕ್ಯಾಸೆಟ್ಟಿನ ತಲೆಯ ಮೇಲಿನ ಎರಡು ಪ್ಲಾಸ್ಟಿಕ್ ಎಸಳು ಮುರಿಯಿರಿ. ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅದು ಕೂರುವುದಿಲ್ಲ.

ಡೆಕ್ಕು, ಸ್ಕ್ರೂ ಡ್ರೈವರು, ಕಿವಿ

ಓಡಿಸಲು ಒಳ್ಳೆಯ ಡೆಕ್, ಅಂದರೆ ಕ್ಯಾಸೆಟ್ ಪ್ಲೇಯರ್ ಬೇಕು. ಹಳೆಯದು ಸಿಕ್ಕಿದರೆ ಮೊದಲು ಒಳಗಿನ ರಬ್ಬರ್ ಬೆಲ್ಟ್ ಬದಲಿಸಿ, ಹೆಚ್ಚಿನವು ಡಾಂಬರಾಗಿರುತ್ತವೆ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿ ಕಡ್ಡಿಯಿಂದ ಒರೆಸಿ.

ಆಮೇಲೆ ಜಾಸ್ತಿ ಜನ ಬಿಟ್ಟುಬಿಡುವ ಕೆಲಸ. ಹೆಡ್ಡಿನ ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ, ಹೆಡ್ಡಿನ ಓರೆ ಸರಿ ಮಾಡಲಿಕ್ಕೆ. ರೆಕಾರ್ಡ್ ಮಾಡಿದ ಮೆಷಿನಿನ ಹೆಡ್ಡೂ ಓಡಿಸುವ ಮೆಷಿನಿನ ಹೆಡ್ಡೂ ಒಂದೇ ಕೋನದಲ್ಲಿ ಇಲ್ಲದಿದ್ದರೆ ತೀಕ್ಷ್ಣ ಸ್ವರಗಳೆಲ್ಲ ಸತ್ತು, ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತದೆ. ಕ್ಯಾಸೆಟ್ ಓಡುತ್ತಿರುವಾಗಲೇ ಆ ಸ್ಕ್ರೂವನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ. ನನಗೆ ಕಾಲು ಸುತ್ತೂ ಬೇಕಾಗಲಿಲ್ಲ. ಇದ್ದಕ್ಕಿದ್ದ ಹಾಗೆ ಸ್ಟೋನ್ಸ್‌ನ ಡ್ರಮ್ಮರ್ ಚಾರ್ಲಿ ವಾಟ್ಸ್‌ನ ತಾಳದ ತಟ್ಟೆ ಕಿವಿಗೆ ಬಿತ್ತು. ಹೀಗೆ ಸಿಕ್ಕಿದ್ದನ್ನು ಯಾವ ಸಾಫ್ಟ್‌ವೇರೂ ಆಮೇಲೆ ತಂದುಕೊಡುವುದಿಲ್ಲ. (ಯಕ್ಷಗಾನ ಆದರೆ ಜಾಗಟೆಯ ನಾದಕ್ಕೆ ಕಿವಿ ಕೊಡಿ.)

ಕಂಪ್ಯೂಟರಿಗೆ ಇಳಿಸುವುದು

ಡೆಕ್ಕಿನ ಹಿಂದಿನ ಲೈನ್ ಔಟ್ ತೂತಿನಿಂದ ಯುಎಸ್‌ಬಿ ಆಡಿಯೊ ಇಂಟರ್‌ಫೇಸಿಗೆ (ಸದ್ದನ್ನು ಕಂಪ್ಯೂಟರಿಗೆ ಅಂಕಿಗಳಾಗಿಸಿ ಕೊಡುವ ಪೆಟ್ಟಿಗೆ), ಅಲ್ಲಿಂದ ಲ್ಯಾಪ್‌ಟಾಪಿಗೆ. ಸ್ಪೀಕರಿನ ಎದುರು ಮೊಬೈಲ್ ಹಿಡಿದು ರೆಕಾರ್ಡ್ ಮಾಡಬೇಡಿ, ದಯವಿಟ್ಟು. ಅಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್ ಸಾಕು. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ತೊಂಬತ್ತು ನಿಮಿಷಕ್ಕೆ ಸುಮಾರು ಒಂದೂವರೆ ಜಿಬಿ ಆಗುತ್ತದೆ. ಅತಿ ಜೋರಿನ ಸದ್ದು ಮೈನಸ್ 6 ಡೆಸಿಬೆಲ್ ದಾಟದಂತೆ ಇಡಿ. ಟೇಪಿನ ಸುಯ್ ಸದ್ದು ತಗ್ಗಿಸುವ ಡಾಲ್ಬಿ ಗುಂಡಿ ಡೆಕ್ಕಿನಲ್ಲಿ ಆಫ್ ಇರಲಿ, ಜೇಬಿನ ರೆಕಾರ್ಡರಿನಲ್ಲಿ ಡಾಲ್ಬಿ ಎಲ್ಲಿಂದ ಬರಬೇಕು.

ಇಳಿಸಿದ ಫೈಲಿಗೆ 'ಅಸಲು' ಅಂತ ಹೆಸರಿಟ್ಟು ಬೇರೆ ಕಡೆ ಇಡಿ. ಅದನ್ನು ಮುಟ್ಟಬೇಡಿ. ಇನ್ನು ಮುಂದಿನ ಆಟವೆಲ್ಲ ಅದರ ನಕಲಿನ ಮೇಲೆ.

ಜ್ಯಾಗರ್ ಹುಡುಗನಾದ ಕತೆ

ಬಿ ಸೈಡಿನ ಕೊನೆಗೆ ಬರುವಾಗ ಸ್ಟೋನ್ಸ್‌ನ ಹಾಡುಗಾರ ಮಿಕ್ ಜ್ಯಾಗರ್ ಹದಿನಾರರ ಹುಡುಗನ ಹಾಗೆ ಕೀರಲು ದನಿಯಲ್ಲಿ, ಅವಸರದಲ್ಲಿ ಹಾಡುತ್ತಿದ್ದ. ಆ ರಾತ್ರಿ ಅವನಿಗೆ 59 ವರ್ಷ. ಕಾರಣ ಅಣ್ಣನ ಪೆನ್ಸಿಲ್ ಸೆಲ್ಲು. ಸೆಲ್ ಇಳಿಯುತ್ತಾ ಬಂದಂತೆ ರೆಕಾರ್ಡರ್ ನಿಧಾನ ಓಡಿದೆ. ನಿಧಾನಕ್ಕೆ ತುಂಬಿಸಿದ್ದನ್ನು ಈಗ ಸರಿಯಾದ ವೇಗದಲ್ಲಿ, ಅಂದರೆ ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡಿಸಿದರೆ ಎಲ್ಲವೂ ಬೇಗ, ಎಲ್ಲವೂ ಮೇಲಿನ ಶ್ರುತಿ. ಬೆಳಗಿನ ಜಾವದ ಪ್ರಸಂಗದ ಕ್ಯಾಸೆಟ್ಟುಗಳಲ್ಲೂ ಇದೇ ರೋಗ.

ಮೊಬೈಲಿಗೆ ಶ್ರುತಿ ಅಳೆಯುವ ಒಂದು ಟ್ಯೂನರ್ ಆ್ಯಪ್ ಹಾಕಿಕೊಳ್ಳಿ. ಹಾಡಿನ ಕೊನೆಯಲ್ಲಿ ಗಿಟಾರಿನ ತಂತಿ ಒಂಟಿಯಾಗಿ ಮೊಳಗುವ ಕಡೆ ನಿಲ್ಲಿಸಿ ಅಳೆಯಿರಿ. ಶ್ರುತಿಯ ಅಳತೆ ಸೆಂಟ್, ಒಂದು ಅರ್ಧ ಸ್ವರಕ್ಕೆ 100 ಸೆಂಟ್. ವೇಗ ಶೇ 1 ಹೆಚ್ಚಾದರೆ ಸುಮಾರು 17 ಸೆಂಟ್ ಮೇಲೇರುತ್ತದೆ. ಆ್ಯಪ್ 34 ಸೆಂಟ್ ಮೇಲೆ ತೋರಿಸಿದರೆ ಶೇ 2 ಇಳಿಸಿ. ಅಡಾಸಿಟಿಯಲ್ಲಿ ವೇಗವನ್ನೂ ಶ್ರುತಿಯನ್ನೂ ಒಟ್ಟಿಗೆ ಬದಲಿಸುವ ಎಫೆಕ್ಟನ್ನೇ ಬಳಸಿ, ಶ್ರುತಿ ಮಾತ್ರ ಬದಲಿಸುವುದನ್ನಲ್ಲ. ಸೆಲ್ ಒಮ್ಮೆಲೇ ಇಳಿಯುವುದಿಲ್ಲವಲ್ಲ, ಹಾಗಾಗಿ ಹಾಡಿಗೊಂದು ತುಂಡು ಮಾಡಿ ಒಂದೊಂದನ್ನೇ ಅಳೆಯಬೇಕು. ನನಗೆ ಮೂರು ಸಂಜೆ ಹಿಡಿಯಿತು.

ಯಕ್ಷಗಾನಕ್ಕೆ ಇದು ಇನ್ನೂ ಸುಲಭ. ಹಿಂದೆ ಶ್ರುತಿಪೆಟ್ಟಿಗೆ ಬಿಡದೆ ಮೊಳಗುತ್ತಿರುತ್ತದೆ. ರಾತ್ರಿಯ ಮೊದಲ ಕ್ಯಾಸೆಟ್ಟಿನಲ್ಲಿ ಅದೆಷ್ಟಿತ್ತೋ, ಅದೇ ಭಾಗವತರು ಹಾಡುವಷ್ಟು ಹೊತ್ತೂ ಅಷ್ಟೇ ಇರಬೇಕು.

ಗೌಜಿ ಎಷ್ಟು ತೆಗೆಯಬೇಕು?

ಇಲ್ಲಿ ನಾನು ಎಡವಿದೆ. ಅಡಾಸಿಟಿಯ ನಾಯ್ಸ್ ರಿಡಕ್ಷನ್ (ಗೌಜಿ ತಗ್ಗಿಸುವ) ಎಫೆಕ್ಟಿಗೆ ಹಾಡಿಲ್ಲದ ಎರಡು ಸೆಕೆಂಡಿನ ಸುಯ್ ಸದ್ದು ಆರಿಸಿ ಮಾದರಿ ಕೊಡಬೇಕು. ಅದಕ್ಕೆ ಸರಿಹೊಂದುವುದನ್ನು ಅದು ಎಲ್ಲ ಕಡೆಯಿಂದ ಕಳೆಯುತ್ತದೆ. ನಾನು ಆಸೆಬುರುಕ, 24 ಡೆಸಿಬೆಲ್ ಕಳೆದೆ. ಅಣ್ಣನಿಗೆ ಕೇಳಿಸಿದೆ. "ಇವರು ಬಾವಿಯೊಳಗೆ ಕೂತು ಹಾಡುದಾ?" ಅಂದ. 6 ಡೆಸಿಬೆಲ್‌ನಿಂದ ಶುರು ಮಾಡಿ, 10 ದಾಟಬೇಡಿ. ಸ್ವಲ್ಪ ಸುಯ್ ಉಳಿದರೆ ಐದು ನಿಮಿಷದಲ್ಲಿ ಕಿವಿ ಅದನ್ನು ಮರೆಯುತ್ತದೆ. ಬಾವಿಯನ್ನು ಮರೆಯುವುದಿಲ್ಲ.

ಸ್ಟೇಡಿಯಂನ ಪ್ರತಿಧ್ವನಿ ಬೇರೆಯೇ ವಿಷಯ. ಬೆಚ್ಚಗಿನ ರಾತ್ರಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 350 ಮೀಟರ್ ಹೋಗುತ್ತದೆ. 70 ಮೀಟರ್ ಆಚೆಯ ಗ್ಯಾಲರಿಗೆ ಬಡಿದು ವಾಪಸ್ ಬರಲು 0.4 ಸೆಕೆಂಡು. ಅಷ್ಟರಲ್ಲಿ ಡ್ರಮ್ಮಿನ ಮುಂದಿನ ಪೆಟ್ಟು ಬಿದ್ದಿರುತ್ತದೆ. ಹೀಗೆ ಕಲಸಿದ ಮೊಸರನ್ನದಿಂದ ಮೊಸರು ಬೇರೆ ಮಾಡಲು ಹೋಗಬೇಡಿ. ತಗ್ಗಿನ ಸದ್ದು, ಮೇಲಿನ ಸದ್ದುಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಸರಿನಲ್ಲಿ 70 ಹರ್ಟ್ಸ್ ಕೆಳಗಿನ ಗುಡುಗುಡು ಕತ್ತರಿಸಿ. 200 ಹರ್ಟ್ಸ್ ಆಸುಪಾಸಿನಲ್ಲಿ ಗುಮ್ಮೆನ್ನುವುದನ್ನು ಮೂರ್ನಾಲ್ಕು ಡೆಸಿಬೆಲ್ ಇಳಿಸಿ. ಆಗ ದನಿ ತಾನಾಗಿ ಮುಂದೆ ಬರುತ್ತದೆ. ಏರಿಸುವ ಮೊದಲು ಇಳಿಸಿ ನೋಡುವುದು ಒಳ್ಳೆಯದು.

ಚಪ್ಪಾಳೆಯ ಚಟಪಟ ಜೋರಿದ್ದ ಕಡೆ ಕೈಯಲ್ಲೇ ತಗ್ಗಿಸಿ, ಪೂರ್ತಿ ಅಳಿಸಬೇಡಿ. ಎರಡನೇ ಹಾಡಿನ ನಡುವೆ ಮೈಕಿನ ಪಕ್ಕದಲ್ಲೇ ಒಬ್ಬ ಸಿಳ್ಳೆ ಹೊಡೆದಿದ್ದ, ಕಿವಿ ಹರಿಯುವಂಥದ್ದು. ಎರಡು ಸಂಜೆ ಕೂತು ಅದನ್ನು ನಾಜೂಕಾಗಿ ತೆಗೆದೆ. ಅಣ್ಣ ಕೇಳಿ, "ನನ್ನ ಸಿಳ್ಳೆ ಎಲ್ಲಿ ಹೋಯ್ತು?" ಅಂದ. ವಾಪಸ್ ಹಾಕಿದೆ.

ಎಐ ಸಾಫ್ಟ್‌ವೇರ್ ಬಗ್ಗೆ ಎರಡು ಮಾತು. ಡೆಮುಕ್ಸ್ ಥರದವು ಹಾಡಿನಿಂದ ದನಿ, ಡ್ರಮ್, ಬೇಸ್ ಬೇರೆ ಮಾಡಿಕೊಡುತ್ತವೆ. ಬೇರೆಯಾದ ದನಿಯನ್ನು ಮೂಲದ ಅಡಿಗೆ ಮೆಲ್ಲಗೆ ಬೆರೆಸಿದರೆ ಮಾತು ಸ್ಪಷ್ಟವಾಗುತ್ತದೆ, ಅಷ್ಟಕ್ಕೆ ಒಳ್ಳೆಯದು. ಜನರ ಚಪ್ಪಾಳೆಯನ್ನು ಅದು ಡ್ರಮ್ಮಿನ ಲೆಕ್ಕಕ್ಕೆ ಸೇರಿಸುತ್ತದೆ. ಪಕ್ಕದ ಮನೆಯವರ ಯಕ್ಷಗಾನದಾಟದ ಕ್ಯಾಸೆಟ್ ಹಾಕಿ ನೋಡಿದೆ. ಅದು ಕಲಿತದ್ದು ಪಾಶ್ಚಾತ್ಯ ಪಾಪ್ ಸಂಗೀತದಲ್ಲಿ, ಚಂಡೆಯನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಒದ್ದಾಡಿತು.

ಹೆಸರು, ಕಾನೂನು, ಡಬ್ಬಿ

ಕೆಲಸ ಮುಗಿದ ಮೇಲೆ ಫ್ಲ್ಯಾಕ್ ರೂಪದಲ್ಲಿ ಉಳಿಸಿ. ಗುಣಮಟ್ಟ ಇಳಿಯುವುದಿಲ್ಲ, ಜಾಗ ಕಡಿಮೆ ಸಾಕು. ಜೊತೆಗೊಂದು ಟಿಪ್ಪಣಿ: ಯಾರ ಕಾರ್ಯಕ್ರಮ, ಎಲ್ಲಿ, ಯಾವ ದಿನ, ಯಾವ ರೆಕಾರ್ಡರ್, ನೀವು ಏನೇನು ಬದಲಿಸಿದಿರಿ. ಕ್ಯಾಸೆಟ್ ತಿರುಗಿಸುವಾಗ ತಪ್ಪಿಹೋದ ಅರ್ಧ ಹಾಡನ್ನೂ ಬರೆಯಿರಿ. ಆ ಜಾಗಕ್ಕೆ ಬೇರೆ ಊರಿನ ರೆಕಾರ್ಡಿಂಗ್ ಅಂಟಿಸಿ ಸುಮ್ನೆ ಕೂರಬೇಡಿ.

ಯೂಟ್ಯೂಬಿಗೆ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷ ಹಕ್ಕಿದೆ. ಲೆಕ್ಕ ಶುರುವಾಗುವುದು ಮುಂದಿನ ವರ್ಷದ ಮೊದಲ ದಿನದಿಂದ. ಅಂದರೆ 2003ರ ಈ ಕಾರ್ಯಕ್ರಮಕ್ಕೆ 2053ರ ಕೊನೆವರೆಗೆ. ಸ್ವಂತ ಬಳಕೆಗೆ ರೆಕಾರ್ಡ್ ಮಾಡಿಕೊಂಡರೆ ಅದು ಆ ಹಕ್ಕಿನ ಉಲ್ಲಂಘನೆಯಲ್ಲ. ಹಂಚುವುದು, ಮಾರುವುದು ಬೇರೆ. ಹಾಡುಗಳ ಹಕ್ಕು ಅದರ ಮೇಲೆ ಪ್ರತ್ಯೇಕ. ಭಾಗವತರಿಗೂ ವೇಷಧಾರಿಗಳಿಗೂ ಇದೇ ಕಾನೂನು, ಅವರು ನಮ್ಮವರೇ ಅಂತ ಮಾಫಿ ಇಲ್ಲ.

ಒಂದು ನಕಲು ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿರಲಿ. ನಮ್ಮದು ಈಗ ಮಂಗಳೂರಿನಲ್ಲಿ ತಂಗಿಯ ಹತ್ತಿರ ಇದೆ. ಕ್ಯಾಸೆಟ್ಟನ್ನು ಎಸೆಯಬೇಡಿ. ನಾಳೆ ಇದಕ್ಕಿಂತ ಒಳ್ಳೆಯ ಡೆಕ್ ಸಿಗಬಹುದು. ಮೊದಲಿಂದ ಕೊನೆವರೆಗೆ ಒಮ್ಮೆ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿಡಿ. ಒಳಗಿನ ಸಿಲಿಕಾ ಜೆಲ್ಲನ್ನು ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಬದಲಿಸಿ.