ಡೀನ್‌ಗಳು ಬದಲಾದರೂ ನಿಲ್ಲದ ನಮ್ಮ ಶುಕ್ರವಾರದ ಸಭೆ

ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ನಾನು ಗಣಿತ ಪಾಠ ಮಾಡುತ್ತೇನೆ. ಎರಡು ವರ್ಷದ ಓದು, ಕಡಿಮೆ ಫೀಸು. ಮಾರ್ಕ್ಸ್ ನೋಡಿ ಯಾರನ್ನೂ ವಾಪಸ್ ಕಳಿಸುವುದಿಲ್ಲ. ಹದಿನೆಂಟರ ಹುಡುಗನ ಪಕ್ಕದಲ್ಲೇ ರಾತ್ರಿ ಪಾಳಿ ಮುಗಿಸಿ ಬಂದ ತಾಯಿಯೊಬ್ಬರು ಕೂತಿರುತ್ತಾರೆ. ಇಲ್ಲಿಂದ ಯೂನಿವರ್ಸಿಟಿಗೆ ಹೋಗಬೇಕು ಅನ್ನುವುದು ಬಹಳ ಜನರ ಆಸೆ.

ಮೊದಲೆಲ್ಲ ಸೇರುವಾಗಲೇ ಒಂದು ಪ್ಲೇಸ್‌ಮೆಂಟ್ ಟೆಸ್ಟ್ ಇರುತ್ತಿತ್ತು. ಅದರಲ್ಲಿ ಕಡಿಮೆ ಬಂದರೆ ಅಂಕಗಣಿತ, ಆಮೇಲೆ ಬೀಜಗಣಿತ, ಮತ್ತೆ ಇನ್ನೊಂದು ಬೀಜಗಣಿತ. ಇವ್ಯಾವುವೂ ಯೂನಿವರ್ಸಿಟಿಯಲ್ಲಿ ಲೆಕ್ಕಕ್ಕಿಲ್ಲ. ಒಂದು ಹಂತ ಪಾಸಾದವರೂ ಮುಂದಿನ ಹಂತಕ್ಕೆ ಸೇರದೆ ಕಾಲೇಜು ಬಿಡುತ್ತಿದ್ದರು. 2017ರಲ್ಲಿ ಎಬಿ 705 ಅನ್ನುವ ಕಾನೂನು ಬಂತು. ಹೈಸ್ಕೂಲ್ ಮಾರ್ಕ್ಸ್ ನೋಡಿ, ಒಂದು ವರ್ಷದೊಳಗೆ ಯೂನಿವರ್ಸಿಟಿ ಮಟ್ಟದ ಗಣಿತ ಮುಗಿಸಲು ಜಾಸ್ತಿ ಅವಕಾಶ ಇರುವ ಕ್ಲಾಸಿಗೇ ಹಾಕಿ ಅಂದಿತು. 2019ರ ಹೊತ್ತಿಗೆ ನಮ್ಮಲ್ಲಿ ವಿದ್ಯಾರ್ಥಿಗಳು ನೇರವಾಗಿ ಸ್ಟ್ಯಾಟಿಸ್ಟಿಕ್ಸ್‌ಗೆ ಬಂದು ಕೂತರು. ಬೇಕಾದವರಿಗೆ ಜೊತೆಯಲ್ಲೇ ಇನ್ನೊಂದು ಸಹಾಯದ ಕ್ಲಾಸು.

ಕಾನೂನಿನಿಂದ ಟೈಮ್‌ಟೇಬಲ್ ಬದಲಾಯಿತು. ಸ್ಟಾಫ್ ರೂಮಿನ ಮಾತು ಮಾತ್ರ ಅದೇ: "ಇವರಿಗೆ ಬೇಸಿಕ್ಸೇ ಇಲ್ಲ."

ಆಗ ನಾವು ಕೆಲವರು ಶುಕ್ರವಾರ ಒಟ್ಟಿಗೆ ಕೂರಲು ಶುರು ಮಾಡಿದೆವು. ಯಾರಾದರೂ ಒಂದು ಉತ್ತರಪತ್ರಿಕೆ ತರಬೇಕು. ವಿದ್ಯಾರ್ಥಿಯ ಹೆಸರು ಅಳಿಸಿ ಎಲ್ಲರಿಗೂ ಜೆರಾಕ್ಸ್. ನಿಯಮ ಒಂದೇ. ಹಾಳೆಯ ಮೇಲೆ ಏನಿದೆ ಅಂತ ಮೊದಲು ಹೇಳಬೇಕು, ಏನಿಲ್ಲ ಅಂತ ಆಮೇಲೆ.

ಒಂದು ವಾರ ಬಂದ ಉತ್ತರ ಹೀಗಿತ್ತು. ಕಾಲೇಜಿನ ವಿದ್ಯಾರ್ಥಿಗಳು ವಾರಕ್ಕೆ ಸರಾಸರಿ ಎಷ್ಟು ಗಂಟೆ ದುಡಿಯುತ್ತಾರೆ ಅನ್ನುವುದು ಪ್ರಶ್ನೆ. ಹುಡುಗಿ ಶೇಕಡಾ 95ರ ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ಕೆಲವರನ್ನಷ್ಟೇ ಕೇಳಿ ಎಲ್ಲರ ಸರಾಸರಿ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅಂತ ಹಾಕುವ ಅಂದಾಜು, ಸರಿಯಾಗಿ ಕಂಡುಹಿಡಿದಿದ್ದಳು: 18ರಿಂದ 22. ಕೆಳಗೆ, "ಶೇಕಡಾ 95 ವಿದ್ಯಾರ್ಥಿಗಳು 18ರಿಂದ 22 ಗಂಟೆ ದುಡಿಯುತ್ತಾರೆ" ಅಂತ ಬರೆದಿದ್ದಳು. ಲೆಕ್ಕ ಸರಿ, ಅರ್ಥ ತಪ್ಪು: ಆ ಅಂದಾಜು ಸರಾಸರಿಯದು, ಒಬ್ಬೊಬ್ಬರ ಗಂಟೆಗಳದ್ದಲ್ಲ. "ನನ್ನ ಕ್ಲಾಸಿನಲ್ಲೂ ಇದೇ" ಅಂದರು ಒಬ್ಬರು. ಇನ್ನೊಬ್ಬರೂ ಅಂದರು. ಹಾಗಾದರೆ ಇದು ಅವಳೊಬ್ಬಳ ಬೇಸಿಕ್ಸ್ ವಿಷಯ ಅಲ್ಲ, ಅಲ್ವಾ?

ಮುಂದಿನ ಸೆಮಿಸ್ಟರ್‌ನಲ್ಲಿ ಸೂತ್ರ ಹೇಳುವ ಮೊದಲೇ ಒಂದು ಡಬ್ಬಿಯಲ್ಲಿ ಸಂಖ್ಯೆ ಬರೆದ ಚೀಟಿ ಹಾಕಿಟ್ಟೆವು. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದಷ್ಟು ಚೀಟಿ ಎತ್ತಿ, ತಮ್ಮ ಇಂಟರ್ವಲ್ ಅನ್ನು ಬೋರ್ಡ್ ಮೇಲೆ ಗೆರೆಯಾಗಿ ಎಳೆಯಬೇಕು. ಹೆಚ್ಚಿನ ಗೆರೆಗಳು ಡಬ್ಬಿಯ ನಿಜವಾದ ಸರಾಸರಿಗೆ ತಾಗಿದವು, ಒಂದೆರಡು ತಪ್ಪಿದವು. 95 ಅನ್ನುವುದು ಈ ಗೆರೆಗಳ ಮಾತು, ಒಬ್ಬೊಬ್ಬ ವಿದ್ಯಾರ್ಥಿಯ ಮಾತಲ್ಲ ಅಂತ ಅವರೇ ಹೇಳಿದರು. ಆ ಪಾಠ ಈಗ ಎಲ್ಲರ ಫೋಲ್ಡರ್‌ನಲ್ಲೂ ಇದೆ.

ಶುರು ಮಾಡುವುದು ಸುಲಭ. ಉಳಿಸಿಕೊಳ್ಳುವುದೇ ಕಷ್ಟ. ಇಲ್ಲಿ ಬಹಳಷ್ಟು ಪಾಠ ಮಾಡುವವರು ಪಾರ್ಟ್ ಟೈಮ್, ನಮ್ಮೂರಿನ ಅತಿಥಿ ಉಪನ್ಯಾಸಕರ ಹಾಗೆ. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಕಾರು ಓಡಿಸುತ್ತಲೇ ಇರುತ್ತಾರೆ. ಅವರನ್ನು ಸುಮ್ನೆ ಬನ್ನಿ ಅಂದರೆ ಹೇಗೆ ಬಂದಾರು? ಸಭೆಯ ಗಂಟೆಗೂ ಅವರಿಗೆ ಸಂಬಳ ಕೊಡಲೇಬೇಕು ಅಂತ ಪಟ್ಟು ಹಿಡಿದೆವು. ಮೊದಲು ಗ್ರಾಂಟ್ ದುಡ್ಡಿನಿಂದ ಬಂತು. ಗ್ರಾಂಟ್ ಮುಗಿಯುವ ಮೊದಲೇ ಅದನ್ನು ವಿಭಾಗದ ಬಜೆಟ್‌ಗೆ ಸೇರಿಸಿದೆವು. ನಾನು ಇದಕ್ಕೆ ಕೊಡುವಷ್ಟು ಮಹತ್ವ ಬೇರೆ ಯಾವುದಕ್ಕೂ ಕೊಡುವುದಿಲ್ಲ. ಸಭೆ ನಡೆಸುವ ಜವಾಬ್ದಾರಿ ಪ್ರತಿ ಸೆಮಿಸ್ಟರ್ ಬೇರೆಯವರಿಗೆ ಹೋಗುತ್ತದೆ. ಆಮೇಲೆ ಡೀನ್‌ಗಳು ಬದಲಾದರು, ಸಭೆ ನಿಲ್ಲಲಿಲ್ಲ.

ಹಿರಿಯ ಸಹೋದ್ಯೋಗಿಯೊಬ್ಬರಿಗೆ ಮಟ್ಟ ಇಳಿಯುತ್ತದೆ ಅನ್ನುವ ಆತಂಕ ಇತ್ತು. ಅದು ನ್ಯಾಯವಾದ ಆತಂಕ. ಎಲ್ಲ ಸೆಕ್ಷನ್‌ಗಳ ಫೈನಲ್‌ನಲ್ಲೂ ಕೆಲವು ಪ್ರಶ್ನೆ ಒಂದೇ ಇರಲಿ ಅಂತ ಅವರೇ ಕೇಳಿದರು. ಒಪ್ಪಿಕೊಂಡೆವು. ಈಗ ಶುಕ್ರವಾರ ಜಾಸ್ತಿ ಚರ್ಚೆ ಆಗುವುದೇ ಆ ಪ್ರಶ್ನೆಗಳ ಮೇಲೆ.

2022ರಲ್ಲಿ ಎಬಿ 1705 ಅನ್ನುವ ಇನ್ನೊಂದು ಕಾನೂನು ಬಂದ ಮೇಲೆ ನಿಯಮ ಇನ್ನೂ ಬಿಗಿಯಾಯಿತು. ಕ್ಯಾಲ್ಕುಲಸ್‌ಗೂ ನೇರವಾಗಿ ಕೂರಿಸುವುದು ಹೇಗೆ ಅನ್ನುವ ಪ್ರಶ್ನೆ ಬಂದಿದೆ. ಮೊದಲ ಲಿಮಿಟ್ ಲೆಕ್ಕದಲ್ಲೇ ಭಿನ್ನರಾಶಿ ಬಿಡಿಸಲಾಗದೆ ನಿಂತುಬಿಡುವವರಿಗೆ ಆ ಬೀಜಗಣಿತವನ್ನು ಅದೇ ದಿನ, ಅದೇ ಲೆಕ್ಕದ ಒಳಗೆ ಹೇಗೆ ಕಲಿಸುವುದು ಅಂತ ನೋಡುತ್ತಿದ್ದೇವೆ. ಮುಂದಿನ ಶುಕ್ರವಾರಕ್ಕೆ ಹಾಳೆ ತರುವ ಸರದಿ ನನ್ನದು.