ಕಾಮೋ ನದಿಯ ಸಂಜೆ ಮರದಚ್ಚಿಗೆ ಇಳಿದ ಬಗೆ

ಜಪಾನಿನ ಕ್ಯೋಟೋದಲ್ಲಿ ಕಳೆದ ಎರಡು ವರ್ಷಗಳನ್ನು ಫೋಟೊಗಳ ನೆರವಿಲ್ಲದೆ, ಬರೀ ಟಿಪ್ಪಣಿಗಳಿಂದ ಮರದಚ್ಚಿಗೆ, ಅಂದರೆ ಹಲಗೆಯಲ್ಲಿ ಕೆತ್ತಿ ಕಾಗದಕ್ಕೆ ಒತ್ತುವ ಚಿತ್ರಕ್ಕೆ, ತರುತ್ತೇನೆಂದಾಗ ಜೊತೆಯ ಅಚ್ಚುಗಾರರು ಯಾರೂ ಒಪ್ಪಲಿಲ್ಲ. ಈಗ 18 ಒಳ್ಳೆಯ ಪ್ರತಿಗಳು ಕೈಯಲ್ಲಿರುವುದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲ ವರ್ಷ ಫೋಟೊ ನೋಡಿಯೇ ಕೆತ್ತಿದ್ದೆ. ಕಾಮೋ ನದಿಯ ಮೇಲಿನ ಸಾಂಜೊ ಸೇತುವೆಯ ಒಂದೊಂದು ಕಂಬವೂ ಸರಿಯಾಗಿ ಬಂದಿತ್ತು, ಆದರೆ ಅದರಲ್ಲಿದ್ದದ್ದು ಪ್ರವಾಸಿಯ ಕಣ್ಣು, ಅಲ್ಲಿ ಬಾಳಿದವನದಲ್ಲ. ಹೆಸರಾಂತ ಮರದಚ್ಚು ಕಲಾವಿದ ಹಿರೋಶಿಗೆ, ಎದೊದಿಂದ (ಇಂದಿನ ಟೋಕಿಯೊ) ಕ್ಯೋಟೋಗೆ ಬರುವ ತೊಕಾಯ್ದೊ ಹೆದ್ದಾರಿಯ ಮೇಲಿನ 1830ರ ದಶಕದ ತಮ್ಮ ಚಿತ್ರ ಸರಣಿಯನ್ನು ಇದೇ ಸೇತುವೆಗೆ ತಂದು ಮುಗಿಸಿದ್ದಾರೆಂಬ ಅಳುಕೂ ಇತ್ತು. ಆಮೇಲೆ ಪ್ರತಿ ಸಂಜೆ ಅದೇ ನದಿಯ ದಂಡೆಯಲ್ಲಿ ಕುಳಿತು, ಬಣ್ಣಗಳ ಹೆಸರನ್ನೇ ಎತ್ತದೆ, ಯಾವುದಕ್ಕಿಂತ ಯಾವುದು ಗಾಢ ಎಂಬುದನ್ನಷ್ಟೇ ಮೂರು ಸಾಲಿನಲ್ಲಿ ಬರೆದಿಡತೊಡಗಿದೆ: ಮಳೆ ನಿಂತ ಮೇಲೆ ಆಕಾಶಕ್ಕಿಂತ ನೀರು ತಿಳಿ, ನೀರಿಗಿಂತ ಕೊಕ್ಕರೆ ತಿಳಿ, ಸೇತುವೆಯಡಿಯ ನೆರಳು ಎಲ್ಲಕ್ಕಿಂತ ಗಾಢ. ಅಂಥ ಸುಮಾರು 200 ಟಿಪ್ಪಣಿಗಳೇ ನನ್ನ ಬಂಡವಾಳ.

ಕೆತ್ತನೆ ತೊಂದರೆ ಕೊಡಲಿಲ್ಲ. ದುಡ್ಡು ನೀರಿನಂತೆ ಹರಿದದ್ದು ಅಚ್ಚು ಹಾಕುವಾಗ. ಕೊಜೊ ಗಿಡದ ತೊಗಟೆಯ ನಾರಿನಿಂದ ಕೈಯಲ್ಲಿ ಮಾಡಿದ ಕಾಗದಕ್ಕೆ ಹಾಳೆಯೊಂದಕ್ಕೆ 900 ಯೆನ್‌ನಷ್ಟು ಕೊಟ್ಟಿದ್ದೆ. ಒದ್ದೆ ಮಾಡಿದ ಹಾಳೆಯನ್ನು ಒಂದಾದ ಮೇಲೊಂದು ಹಲಗೆಗೆ ಒತ್ತುತ್ತ ಮೂರನೆಯದಕ್ಕೆ ಬರುವಷ್ಟರಲ್ಲಿ ಅಂಚು ಒಣಗಿ, ಕೆಂತೋಗೆ (ಹಾಳೆಯನ್ನು ಪ್ರತಿ ಹಲಗೆಯಲ್ಲೂ ಒಂದೇ ಜಾಗಕ್ಕೆ ಕೂರಿಸಲು ಕೆತ್ತಿದ ಗುರುತು) ಎಷ್ಟೇ ನಿಖರವಾಗಿ ಇಟ್ಟರೂ ಎರಡು ಮಿಲಿಮೀಟರ್ ಸರಿಯುತ್ತಿತ್ತು. ಒಣಗದಿರಲೆಂದು ಒದ್ದೆ ಕಾಗದದ ನಡುವೆ ಕಟ್ಟಿಟ್ಟಾಗ ಜೂನ್ ತಿಂಗಳ ತೇವಕ್ಕೆ ನಾಲ್ಕೇ ದಿನದಲ್ಲಿ ಬೂಷ್ಟು ಹಿಡಿಯಿತು. ಹೀಗೆ 45ಕ್ಕೂ ಹೆಚ್ಚು ಹಾಳೆ, ಅಂದರೆ ಸುಮಾರು 40,000 ಯೆನ್, ಕೈಬಿಟ್ಟು ಹೋಯಿತು. ಈಗ ಕಟ್ಟನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಫ್ರೀಜರ್‌ನಲ್ಲಿಡುತ್ತೇನೆ, ಬೂಷ್ಟಿನ ಕಾಟವಿಲ್ಲ.

ಆಕಾಶದ ಬೊಕಾಶಿಯಲ್ಲಿ, ಅಂದರೆ ಬಣ್ಣ ಗಾಢದಿಂದ ತಿಳಿಗೆ ಮೆಲ್ಲನೆ ಕರಗಬೇಕಾದ ಕಡೆ, ಪ್ರಷ್ಯನ್ ನೀಲಿ ಪಟ್ಟೆಪಟ್ಟೆಯಾಗಿ ನಿಲ್ಲುತ್ತಿತ್ತು. ಬಣ್ಣಕ್ಕೆ ಬೆರೆಸುವ ಅಂಟು ಕಡಿಮೆ ಮಾಡಿದರೆ ಎಳ್ಳು ಚೆಲ್ಲಿದಂತೆ ಚುಕ್ಕೆ ಏಳುತ್ತಿತ್ತು. ಆ ಚುಕ್ಕೆಯನ್ನೇ ಬೇಕೆಂದು ಎಬ್ಬಿಸಿ ನದಿದಂಡೆಯ ಒದ್ದೆ ದಾರಿಗೆ ಬಳಸಿ ನೋಡಿದೆ, ಬಹಳ ಚೆನ್ನಾಗಿ ಬಂತು. ಅದೇ ಹುರುಪಿನಲ್ಲಿ ಸೀಡರ್ ಹಲಗೆಯ ಎಳೆಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ ನದಿಯ ಹರಿವು ತರಲೂ ಯತ್ನಿಸಿದೆ, ಆದರೆ ಅದು ಕಣ್ಣನ್ನು ಆಕಾಶದಿಂದ ಕೆಳಗೆಳೆಯಿತು, ಬಿಟ್ಟೆ. ಆಕಾಶದ ಪಟ್ಟೆ ಹೋದದ್ದು ಹಲಗೆಯನ್ನು ಯಾವ ಹೊತ್ತಿಗೆ, ಎಷ್ಟು ಒದ್ದೆ ಬಟ್ಟೆಯಿಂದ ಒರೆಸಬೇಕೆಂಬುದು ಕೈಗೆ ಹತ್ತಿದ ಮೇಲೆ. ಆ ಲೆಕ್ಕ ಸದ್ಯಕ್ಕೆ ನನ್ನಲ್ಲೇ ಇರಲಿ.

ಹದಿನೆಂಟರಲ್ಲಿ 11 ಪ್ರತಿಗಳು ತಲಾ 15,000 ಯೆನ್‌ಗೆ ಹೋದವು. ಕೊಕ್ಕರೆಗೆ ನಾನು ಬಣ್ಣ ಹಾಕಿಲ್ಲ. ಅದು ಬರೀ ಕಾಗದ, ಸುತ್ತಲಿನ ನೀರಿಗಿಂತ ಒಂದಿಷ್ಟು ತಿಳಿ.